ಒಂದೇ ಮಳೆ, ಎರಡು ಊರು

ಏಪ್ರಿಲ್ ತಿಂಗಳ ಒಂದು ವಾರ ಮಕ್ಕಳೊಡನೆ ಮಿರಜ, ಸಾಂಗಲಿಗಳ ಸುತ್ತ ಸಂಚರಿಸಿದೆವು. ಮೊದಲ ಮೂರು ದಿನ ಉರಿಬಿಸಿಲು. ಸಾಂಗಲಿಯಲ್ಲಿ ಕೃಷ್ಣೆಯ ಘಾಟಿನ ಮೆಟ್ಟಿಲುಗಳ ಮೇಲೆ ಬರಿಗಾಲಿಡಲಾಗದು.

ನಾಲ್ಕನೆಯ ದಿನ ತಾಸಗಾಂವದಲ್ಲಿದ್ದೆವು. ಸಂಜೆ ಧೂಳೆಬ್ಬಿಸುತ್ತ ಗಾಳಿ ಬಂದಿತು. ಗುಡುಗಿನೊಡನೆ ಆಣೆಕಲ್ಲು ಸುರಿದವು. ಮಕ್ಕಳು ಅವನ್ನು ಆಯಲು ಅಂಗಳಕ್ಕೆ ಓಡಿದರು. ನೆರೆಯ ರೈತ ದಂಪತಿಗಳು ಮಾತ್ರ ದ್ರಾಕ್ಷಿ ಒಣಗಿಸುವ ಶೆಡ್ಡಿನ ಸುತ್ತ ತಾಡಪತ್ರಿ ಕಟ್ಟಲು ಹೆಣಗುತ್ತಿದ್ದರು. ಸುಮಾರು ಹದಿನೈದು ದಿನ ನೆರಳಿನಲ್ಲಿ, ಒಣಗಾಳಿಯಲ್ಲಿ ಆರಬೇಕಾದ ಹಣ್ಣು ನಡುವೆ ತೊಯ್ದರೆ ಕಪ್ಪಾಗುತ್ತದೆ, ಬೂಸು ಹಿಡಿಯುತ್ತದೆ. ವರ್ಷದ ದುಡಿಮೆಗೆ ಬೆಲೆ ಸಿಗದು.

ಮರುದಿನ ಜತ್ತ ತಾಲೂಕಿನ ನಮ್ಮೂರಿಗೆ ಬಂದೆವು. ಅಲ್ಲಿ ಬಾವಿ ಬತ್ತಿತ್ತು. ಮೋಡ ಕಂಡೊಡನೆ ಅತ್ತೆಯವರು ಸೂರಿನ ಕೆಳಗೆ ಕೊಡಗಳನ್ನು ಸಾಲಾಗಿಟ್ಟು ಕೈಮುಗಿದರು. ನಾನೂ ಕೈಮುಗಿದೆ, ಆದರೆ ಮಳೆ ಬರಲೆಂದು ಬೇಡಲು ನಾಲಿಗೆ ಏಳಲಿಲ್ಲ.