ಹಗೇವಿಗೆ ದೀಪ ಬಿಟ್ಟಂತೆ

ಹಾರ್ಡ್‌ಡಿಸ್ಕಿಗೂ ಆಯಸ್ಸಿದೆ ಎಂದು ನಮ್ಮ ಮನೆಯವರನ್ನು ನಂಬಿಸುವುದು ಕಷ್ಟ. ಮದುವೆ ವಿಡಿಯೊ, ಜಮೀನಿನ ಪಹಣಿ, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಅಜ್ಜಿಯ ಸೋಬಾನೆ ಪದ, ಎಲ್ಲವೂ ಒಂದೇ ಡಿಸ್ಕಿನಲ್ಲಿ. ಅದರ ವಾಸ ಬೀರುವಿನಲ್ಲಿ, ಸೀರೆಗಳ ಸಂದಿಯಲ್ಲಿ. ಇಂಥ ಪದಗಳಿಗಾಗಿ ಜಾನಪದ ತಜ್ಞ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿದರು, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, ಆಮೇಲೆ ರಾಮನಗರದ ಹೆದ್ದಾರಿ ಪಕ್ಕ ಜಾನಪದ ಲೋಕವನ್ನೇ ಎಬ್ಬಿಸಿದರು. ಆ ಟೇಪುಗಳಲ್ಲಿ ನಮ್ಮಜ್ಜಿ ಇಲ್ಲ. ಅವಳನ್ನು ಕಾಪಾಡುವ ಜವಾಬ್ದಾರಿ ಮೊಮ್ಮಗನದೇ. ಕನಕಪುರದ ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಕಟ್ಟಲು ಹೊರಟೆ.

ಪೆಟ್ಟಿಗೆ ಒಂದೇ, ಒಳಗೆ ಒಕ್ಕಲು ಹಲವು: ಅದೇ ವರ್ಚುವಲ್ ಯಂತ್ರದ ಉಪಾಯ. ಹೊಸದೇನಲ್ಲ. ಕಂಪ್ಯೂಟರು ಆನೆ ಸಾಕಿದಷ್ಟು ದುಬಾರಿಯಾಗಿದ್ದ ಕಾಲದಲ್ಲಿ, 1972ರಲ್ಲೇ, ಐಬಿಎಂ ವಿಎಂ/370 ತಂದು ಒಂದು ಯಂತ್ರವನ್ನು ಹಲವರಿಗೆ ಹಂಚುತ್ತಿತ್ತು. ನನ್ನದು ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಆಫೀಸು ಕಂಪ್ಯೂಟರು. ಅದರ ಮೇಲೆ ವರ್ಚುವಲ್ ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್, ಅದರೊಳಗೆ ಡಿಸ್ಕುಗಳನ್ನು ನೋಡಿಕೊಳ್ಳುವ ಟ್ರೂನಾಸ್. ಡಿಸ್ಕು ಸಿಕ್ಕಿಸುವ ಕಾರ್ಡನ್ನು ಇಡಿಯಾಗಿ ಟ್ರೂನಾಸ್ ಕೈಗೇ ಒಪ್ಪಿಸಬೇಕು. ನಡುವೆ ದಲ್ಲಾಳಿ ನಿಂತರೆ, ಡಿಸ್ಕು ಹಾಳಾಗುತ್ತಿರುವ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ.

ಮಾಗಡಿ ಕಡೆಯ ನಮ್ಮ ತಾತನಿಗೆ ಹಗೇವು ಇತ್ತು. ನೆಲದೊಳಗೆ ರಾಗಿ ಸುರಿದು, ಮೇಲೆ ಹುಲ್ಲು ಒತ್ತಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ. ಇಳಿದ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಬಾಯಿ ತೆರೆದಿಟ್ಟು ಕಾದು, ಮೊದಲು ದೀಪ ಇಳಿಬಿಡುತ್ತಿದ್ದರು. ನಂದಿತೋ, ಯಾರೂ ಇಳಿಯುವಂತಿಲ್ಲ. ಬ್ಯಾಕಪ್ ಇದೆ ಎಂದು ಬೀಗುವವರನ್ನು ಕಂಡಾಗೆಲ್ಲ ನನಗೆ ಈ ದೀಪದ ನೆನಪು. ಅದನ್ನು ಒಮ್ಮೆಯಾದರೂ ವಾಪಸ್ ತೆಗೆದು ನೋಡಿದವರು ಎಷ್ಟು ಜನ?

ನಾನು ದೀಪ ಬಿಟ್ಟೆ. ಅಜ್ಜಿ ಹಾಡುತ್ತಿರುವಾಗಲೇ ಒಂದು ಡಿಸ್ಕಿನ ವೈರು ಕಿತ್ತೆ. ಪರದೆಯಲ್ಲಿ ಎಚ್ಚರಿಕೆ ಬಂತು, ಸೋಬಾನೆ ನಿಲ್ಲಲಿಲ್ಲ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಹೇಳಿದ್ದು ಇದನ್ನೇ: ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದವುಗಳ ಗುಂಪು ಕಟ್ಟಿ, ಒಂದು ಹೋದರೂ ಉಳಿದವು ಹೊರುತ್ತವೆ. ಮೈನ್ ಸ್ವಿಚ್ ಇಳಿಸಿ ಯುಪಿಎಸ್ ನೋಡಿದ್ದಾಯಿತು. ನಮ್ಮೂರಲ್ಲಿ ಈ ಪರೀಕ್ಷೆಯನ್ನು ವಿದ್ಯುತ್ತೇ ಆಗಾಗ ಉಚಿತವಾಗಿ ಮಾಡಿಕೊಡುತ್ತದೆ. ಕೊನೆಗೆ ಆ ವರ್ಚುವಲ್ ಯಂತ್ರವನ್ನೇ ಅಳಿಸಿ, ಡಿಸ್ಕುಗಳನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಸನ್ ಕಂಪನಿ 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಟ್ರೂನಾಸ್ ಬಳಸುವ ಕಡತ ವ್ಯವಸ್ಥೆ ಝಡ್‌ಎಫ್‌ಎಸ್, ತನ್ನ ಡಿಸ್ಕುಗಳನ್ನು ಗುರುತು ಹಿಡಿಯಿತು, ಕಡತವೆಲ್ಲ ಸಿಕ್ಕಿತು. ನನಗೆ ನಿದ್ದೆ ಬಂದದ್ದು ಆಮೇಲೆ.

ಈ ಕಡತಗಳನ್ನಿಟ್ಟ ಫೋಲ್ಡರಿನ ಹೆಸರು ‘ರಾಮನಗರ’. ಕ್ಲೋಸ್‌ಪೇಟೆಯಾಗಿದ್ದ ಊರು, 2007ರಲ್ಲಿ ಜಿಲ್ಲೆ, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು. ಸರ್ಕಾರದ ಹಿಂದೆ ಓಡಿ ಫೋಲ್ಡರಿನ ಹೆಸರು ಬದಲಿಸುವಷ್ಟು ಪುರುಸೊತ್ತು ನನಗಿಲ್ಲ.

ಒಂದೇ ಮನೆಯಲ್ಲಿದ್ದರೆ ಬೆಂಕಿಗೆ, ಕಳ್ಳರಿಗೆ ಎಲ್ಲವೂ ಒಟ್ಟಿಗೇ ಹೋದೀತು. ಎರಡನೇ ಪ್ರತಿಗೆ ಚನ್ನಪಟ್ಟಣದ ಅಕ್ಕನ ಮನೆ ಕೇಳಿದೆ. 40 ವ್ಯಾಟಿನ ಪೆಟ್ಟಿಗೆ ಹಗಲುರಾತ್ರಿ ಉರಿದರೆ ತಿಂಗಳಿಗೆ 29 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದರೂ, ಪ್ರತಿ ಮನೆಗೆ ಸಿಗುವುದು ಅದರ ಹಳೆಯ ಸರಾಸರಿಗೆ ತುಸು ಸೇರಿಸಿದಷ್ಟೇ.

“ಅಲ್ಲ ಕಣೋ, ಸರಾಸರಿ ದಾಟಿದ್ರೆ ಬಿಲ್ ನೀನ್ ಕಟ್ತೀಯಾ?” ಎಂದಳು ಅಕ್ಕ.

ಭಾನುವಾರ ಮಾತ್ರ ಚಾಲು ಮಾಡುವುದೆಂದು ಒಪ್ಪಂದವಾಗಿದೆ. ಸ್ವಿಚ್ಚಿನ ಉಸ್ತುವಾರಿ ಭಾವನದು.