ಓಮುತದ ಬೀದಿಯಲ್ಲಿ ನಮ್ಮಜ್ಜಿ

ಜಪಾನಿನ ಫುಕುವೋಕಾದಿಂದ ಓಮುತ ಊರಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಆರು ತಿಂಗಳ ಪ್ರಾಜೆಕ್ಟಿಗೆ ಅಂತ ಹೋದವನು ಕ್ಯೋಟೋ, ಫ್ಯೂಜಿ ಎಲ್ಲಾ ಬಿಟ್ಟು ಆ ಊರಿಗೆ ಯಾಕೆ ಹೋದೆ ಅಂತ ಗೆಳೆಯರು ಈಗಲೂ ಕೇಳ್ತಾರೆ. ಕಾರಣ ನಮ್ಮಜ್ಜಿ.

ಅಜ್ಜಿಗೆ ಈಗ 81. ಮೈಸೂರಿನ ಚಾಮುಂಡಿಪುರಂನಲ್ಲಿ ನಮ್ಮ ಮನೆ. ಮೂರು ವರ್ಷದ ಹಿಂದೆ ಡಾಕ್ಟರು ಡಿಮೆನ್ಷಿಯಾ ಅಂದರು. ಸಂಜೆ ಐದಾಯಿತೆಂದರೆ ಸೀರೆ ಸರಿಮಾಡಿಕೊಂಡು, ಕೈಚೀಲ ಹಿಡಿದು, "ನಂಜನಗೂಡಿಗೆ ಹೋಗ್ಬೇಕು, ಅಪ್ಪ ಕಾಯ್ತಿರ್ತಾರೆ" ಅಂತ ಹೊರಟುಬಿಡೋರು. ಅವರಪ್ಪ ತೀರಿಕೊಂಡು ಐವತ್ತು ವರ್ಷದ ಮೇಲಾಯ್ತು.

ಒಂದು ದಿನ ನಾಲ್ಕು ಗಂಟೆ ಹುಡುಕಿದರೂ ಸಿಗಲಿಲ್ಲ. ರಾತ್ರಿ ಒಂಬತ್ತಕ್ಕೆ ಅಗ್ರಹಾರದ ಹತ್ತಿರ, ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಅವರನ್ನು ಕಂಡವರು ಹತ್ತಾರು ಮಂದಿ, ಯಾರೂ ನಿಲ್ಲಿಸಿ ಮಾತಾಡಿಸಿರಲಿಲ್ಲ. ಅದು ಅವರ ತಪ್ಪಲ್ಲ. ನಾವು ಯಾರಿಗೂ ಹೇಳಿರಲೇ ಇಲ್ಲ. ತಂಗಿಗೆ ಗಂಡು ನೋಡುತ್ತಿದ್ದ ಸಮಯ. "ಮದುವೆ ಮುಗೀಲಿ ಕಣೋ, ಆಮೇಲೆ ನೋಡೋಣ. ಮನೇಲಿ ಹಿಂಗಂತೆ ಅಂತ ಗೊತ್ತಾದ್ರೆ ಯಾರು ಬರ್ತಾರೆ?" ಅನ್ನೋದು ಅಮ್ಮನ ಭಯ.

ನಾನು ಎಂಜಿನಿಯರ್ ತಾನೇ, ಜಿಪಿಎಸ್ ವಾಚ್ ತರಿಸಿದೆ. ಗೇಟಿಗೆ ಬೀಗವನ್ನೂ ಹಾಕಿದೆ. ಅಜ್ಜಿ ವಾಚನ್ನು ಬಿಚ್ಚಿ ತುಳಸಿಕಟ್ಟೆ ಮೇಲೆ ಇಡೋರು. ಬೀಗ ಹಿಡಿದು ಅಲುಗಾಡಿಸುತ್ತಾ ಅಳೋರು. ಆ ಸದ್ದು ಕಿವಿಯಲ್ಲಿಟ್ಟುಕೊಂಡೇ ನಾನು ವಿಮಾನ ಹತ್ತಿದ್ದು.

ಜಪಾನಿನಲ್ಲಿ ರಾತ್ರಿ ಎಂಟೂವರೆ ಅಂದರೆ ನಮ್ಮಲ್ಲಿ ಸಂಜೆ ಐದು. ಆ ಹೊತ್ತಿಗೆ ನಾನು ಪದೇ ಪದೇ ಆ್ಯಪ್ ನೋಡುವುದನ್ನು ಹಿರಿಯ ಸಹೋದ್ಯೋಗಿಯೊಬ್ಬರು ಗಮನಿಸಿದ್ದರು. ವಿಷಯ ಹೇಳಿದೆ. ಅವರ ಹುಟ್ಟೂರು ಓಮುತ. "ಭಾನುವಾರ ಬಾ, ನಮ್ಮೂರು ತೋರಿಸ್ತೀನಿ" ಅಂದರು.

ಓಮುತ ಒಂದು ಕಾಲದ ಕಲ್ಲಿದ್ದಲು ಊರು. 1997ರಲ್ಲಿ ಮೀಕೆ ಗಣಿ ಮುಚ್ಚಿತು. ಕೆಂಪು ಇಟ್ಟಿಗೆಯ ಯಂತ್ರಶಾಲೆ, ಕಬ್ಬಿಣದ ಎತ್ತರದ ಗೋಪುರ ಮಾತ್ರ ಹಾಗೇ ನಿಂತಿವೆ. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಎರಡು ಲಕ್ಷ ದಾಟಿದ್ದ ಜನಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕಿಳಿದಿದೆ. ಉಳಿದವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ 65 ದಾಟಿದವರು. ಅರ್ಧ ಷಟರ್ ಎಳೆದ ಅಂಗಡಿಬೀದಿಯಲ್ಲಿ ನಡೀತಾ ನನಗೆ ಅನ್ನಿಸಿದ್ದು, ಮಕ್ಕಳೆಲ್ಲಾ ಬೆಂಗಳೂರು ಸೇರಿದ ನಮ್ಮ ಕಡೆಯ ಊರುಗಳೂ ಹೀಗೇ ತಾನೇ.

ಈ ಊರಲ್ಲಿ ಒಂದು ತಾಲೀಮು ನಡೆಯುತ್ತೆ. 2004ರಲ್ಲಿ ಹಾಯಮೆ ಅನ್ನುವ ಬಡಾವಣೆಯಲ್ಲಿ ಶುರುವಾಗಿ, ಆಮೇಲೆ ಇಡೀ ಊರಿಗೆ ಹಬ್ಬಿತು. ಒಬ್ಬರು ದಾರಿ ತಪ್ಪಿದವರ ಪಾತ್ರ ಹಾಕಿ ಬೀದಿಗಿಳಿಯುತ್ತಾರೆ. ಇಂಥ ಬಣ್ಣದ ಬಟ್ಟೆ, ಇಷ್ಟು ವಯಸ್ಸು ಅಂತ ಊರಿನವರಿಗೆ ಸಂದೇಶ ಹೋಗುತ್ತೆ. ಜನ ಅವರನ್ನು ಹುಡುಕಬೇಕು, ಹತ್ತಿರ ಹೋಗಿ ಮಾತಾಡಿಸಬೇಕು. ಪೊಲೀಸರು, ಅಂಚೆಯವರು, ಟ್ಯಾಕ್ಸಿಯವರು ಎಲ್ಲರೂ ಈ ಜಾಲದಲ್ಲಿದ್ದಾರೆ. ಶಾಲೆಗಳಲ್ಲಿ ಚಿತ್ರಪುಸ್ತಕ ಇಟ್ಟುಕೊಂಡು ಮಕ್ಕಳಿಗೂ ಹೇಳಿಕೊಡ್ತಾರೆ.

"ಹುಡುಕೋದು ಸುಲಭ, ಮಾತಾಡಿಸೋದೇ ಕಷ್ಟ" ಅಂದರು ಸಹೋದ್ಯೋಗಿ. ಅವರ ತಾಯಿ ಒಂದು ವರ್ಷ ದಾರಿ ತಪ್ಪಿದವರ ಪಾತ್ರ ಹಾಕಿದ್ದರಂತೆ. ಎಷ್ಟೋ ಜನ ನೋಡಿದರು, ನೋಡಿ ಸುಮ್ಮನೆ ಮುಂದೆ ಹೋದರು. ಅದಕ್ಕೇ ಅಭ್ಯಾಸ ಬೇಕು ಅನ್ನೋದು. ಡಿಮೆನ್ಷಿಯಾ ಇರುವವರಿಗೆ ನೆರವಾಗಲು 2005ರಿಂದ ಜಪಾನಿನಾದ್ಯಂತ ಸಾಮಾನ್ಯ ಜನರಿಗೆ ತರಬೇತಿ ಕೊಡುತ್ತಿದ್ದಾರೆ. ಒಂದೂವರೆ ಕೋಟಿಗೂ ಹೆಚ್ಚು ಮಂದಿ ಪಡೆದಿದ್ದಾರೆ. ಅದರ ಸಾರ ಮೂರೇ ಮಾತು: ಬೆಚ್ಚಿಬೀಳಿಸಬೇಡಿ, ಅವಸರ ಮಾಡಬೇಡಿ, ಮರ್ಯಾದೆಗೆ ನೋವು ಮಾಡಬೇಡಿ. ಅಂದರೆ ಹಿಂದಿನಿಂದ ಕೂಗಬಾರದು, ನಾಲ್ಕು ಜನ ಸುತ್ತುವರಿಯಬಾರದು. ಒಬ್ಬರೇ ಎದುರಿಗೆ ಬಂದು ನಿಧಾನವಾಗಿ ಕೇಳಬೇಕು.

ಆ ದಿನ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ಮೊದಲು ಈ ತಾಲೀಮಿನ ಹೆಸರಲ್ಲಿ 'ಗೊತ್ತುಗುರಿಯಿಲ್ಲದೆ ಅಲೆಯುವುದು' ಎಂಬ ಅರ್ಥದ ಪದವಿತ್ತು. 2015ರಲ್ಲಿ ಅದನ್ನು ತೆಗೆದರು. ಅವರು ಸುಮ್ಮನೆ ಅಲೆಯುತ್ತಿಲ್ಲ, ಎಲ್ಲಿಗೋ ಹೊರಟಿದ್ದಾರೆ, ಅವರಿಗೊಂದು ಕಾರಣವಿದೆ ಅಂತ. ರೋಗಕ್ಕಿದ್ದ, ಬುದ್ಧಿಮಂಕು ಅನ್ನುವ ಅರ್ಥದ ಹಳೇ ಹೆಸರನ್ನೂ ಜಪಾನ್ ಸರ್ಕಾರ 2004ರಲ್ಲೇ ಬದಲಿಸಿತ್ತು. ನಾವೋ, ಅರವತ್ತಕ್ಕೆ ಅರಳು ಮರಳು ಅಂತ ನಕ್ಕು ಸುಮ್ಮನಾಗ್ತೀವಿ. ಹಾಗಂದಾಗ ಅದು ರೋಗ ಅನ್ನೋದೇ ಮರೆತುಹೋಗುತ್ತೆ.

ನಮ್ಮಜ್ಜಿಯೂ ಅಲೆಯುತ್ತಿರಲಿಲ್ಲ. ನಂಜನಗೂಡಿಗೆ ಹೊರಟಿದ್ದರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. "ಬೀದಿಯವರಿಗೆ ಹೇಳ್ಬಿಡಮ್ಮ." ಅಮ್ಮನಿಗೆ ಸಿಟ್ಟು ಬಂತು. "ಅಲ್ಲಿ ಕೂತ್ಕೊಂಡು ಹೇಳೋದು ಸುಲಭ ಕಣಪ್ಪ. ಇಲ್ಲಿ ಇರೋಳು ನಾನು." ಅದೂ ನಿಜವೇ. ನನ್ನ ಹತ್ತಿರ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ತಂಗಿ ಫೋನ್ ಇಸ್ಕೊಂಡು, "ಅಜ್ಜೀನ ಬಚ್ಚಿಟ್ಟು ಮದುವೆ ಆಗೋದು ನಂಗೂ ಬೇಡ ಕಣೋ" ಅಂದಳು.

ಮೂರು ವಾರದ ಮೇಲೆ ಅಮ್ಮ ಮೂರು ಕಡೆ ಹೇಳಿದರು. ಮೂಲೆಯ ಹೂವಿನಾಕೆಗೆ, ಇಸ್ತ್ರಿಯವರಿಗೆ, ಆಟೋ ಸ್ಟ್ಯಾಂಡಿಗೆ. ಅಜ್ಜಿಯ ಫೋಟೋ, ನಮ್ಮ ನಂಬರ್ ಕೊಟ್ಟರು. ಎಲ್ಲಾ ಸಲೀಸಾಗಿ ಆಯ್ತು ಅಂತ ಹೇಳಲ್ಲ. ಮಾತುಕತೆಗೆ ಬಂದಿದ್ದ ಒಂದು ಸಂಬಂಧ ಅಲ್ಲಿಗೇ ನಿಂತಿತು. ಅಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಹೂವಿನಾಕೆ, "ನಮ್ಮತ್ತೇಗೂ ಹಿಂಗೇ ಆಗಿತ್ತು, ನಾವೂ ಯಾರ್ಗೂ ಹೇಳಿರ್ಲಿಲ್ಲ" ಅಂದರಂತೆ.

ಗೇಟಿನ ಬೀಗ ಈಗ ರಾತ್ರಿಗೆ ಮಾತ್ರ. ಸಂಜೆ ಅಮ್ಮ ಅಥವಾ ತಂಗಿ ಅಜ್ಜಿ ಜೊತೆ ಒಂದು ಸುತ್ತು ಹೋಗಿಬರ್ತಾರೆ. ಕಣ್ತಪ್ಪಿಸಿ ಹೊರಟರೆ ನೋಡಲು ಬೀದಿ ಇದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೂರು ಜನಕ್ಕಾದರೂ ಹೇಳಿ. ಹಿರಿಯರ ಸಹಾಯವಾಣಿ 14567 ಮೊಬೈಲಿನಲ್ಲಿರಲಿ. ಕಾಣೆಯಾದರೆ ಕಾಯುತ್ತಾ ಕೂರದೆ 112ಕ್ಕೆ ಕರೆ ಮಾಡಿ.

ನಾನು ವಾಪಸ್ ಬಂದ ಮೇಲೆ ಒಂದು ಸಂಜೆ ಆಟೋ ಸ್ಟ್ಯಾಂಡಿನಿಂದ ಫೋನ್ ಬಂತು. ಗಾಬರಿಯಿಂದ ಎತ್ತಿದೆ.

"ಅಣ್ಣಾ, ಅಜ್ಜಿ ಇಲ್ಲವ್ರೆ. ನಂಜನಗೂಡು ಬಸ್ಸು ಇವತ್ತು ಲೇಟು ಅಂದಿದೀನಿ. ಕಾಫಿ ಕುಡೀತಾವ್ರೆ. ನಿಧಾನಕ್ ಬನ್ನಿ."