ಹಿಂದಿನ ಸೀಟಿನ ರಾಜೀನಾಮೆ

ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಮದುಮಗನಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಹುಟ್ಟುತ್ತದೆ. ಕೈಗೆ ಛತ್ರಿ, ಊರುಗೋಲು, ಬೀಸಣಿಗೆ, ಕಂಕುಳಿಗೆ ಒಂದು ಪುಸ್ತಕ, ಕಣ್ಣಿಗೆ ಕಾಡಿಗೆ. ಇಷ್ಟನ್ನೂ ಹೊತ್ತು ಆತ ಕಾಶಿಗೆ ಹೊರಡುತ್ತಾನೆ. ಛತ್ರದ ಬಾಗಿಲು ದಾಟಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಮಾವ ಓಡಿಬಂದು, "ಕಾಶಿಗೆ ಆಮೇಲೆ ಹೋದರಾಯ್ತು, ನಮ್ಮ ಮಗಳನ್ನು ಕೊಡ್ತೀವಿ, ವಾಪಸ್ ಬನ್ನಿ" ಎಂದು ಗೋಗರೆಯುತ್ತಾರೆ. ಮದುಮಗ ತಕ್ಷಣ ಒಪ್ಪುತ್ತಾನೆ. ಫೋಟೊಗ್ರಾಫರ್ ಮಾತ್ರ ಒಪ್ಪುವುದಿಲ್ಲ. "ಸರ್, ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಹೋಗಿ ಬನ್ನಿ" ಅನ್ನುತ್ತಾನೆ. ಹೀಗೆ ಐದು ನಿಮಿಷದಲ್ಲಿ ಎರಡು ಸಲ ಸಂಸಾರ ಬಿಟ್ಟು, ಎರಡು ಸಲ ಸಂಸಾರಕ್ಕೆ ಮರಳಿದ ಹುಡುಗ ಮಂಟಪ ಹತ್ತುತ್ತಾನೆ.

ಅಷ್ಟು ಹೊತ್ತೂ ಹುಡುಗಿ ಒಳಗೆ ಗೌರಿ ಪೂಜೆಗೆ ಕುಳಿತಿರುತ್ತಾಳೆ. ಕಾಶಿ ನೋಡುವ ಆಸೆ ನಿನಗೇನಾದರೂ ಇದೆಯೇನಮ್ಮ ಎಂದು ಅವಳನ್ನು ಕೇಳುವ ಶಾಸ್ತ್ರ ಯಾವ ಪುರೋಹಿತರ ಪುಸ್ತಕದಲ್ಲೂ ಇದ್ದಂತಿಲ್ಲ.

ನಿಜವಾದ ಕಾಶಿಯಾತ್ರೆಯ ಮನಸ್ಸು ಬರುವುದು ಮದುವೆಯಾಗಿ ಹತ್ತು ವರ್ಷದ ಮೇಲೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಕ್ಯಾಬ್ ಅರ್ಧ ಗಂಟೆಯಿಂದ ಅಲ್ಲಾಡಿಲ್ಲ. ಮೊಬೈಲ್ ತೆರೆದರೆ ಯಾರೋ ಲಡಾಖಿನ ಸರೋವರದ ಪಕ್ಕ ಚಹಾ ಕಾಸಿಕೊಳ್ಳುತ್ತಿದ್ದಾರೆ, ಇನ್ಯಾರೋ ಗೋಕರ್ಣದ ಮರಳಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕುಳಿತಿದ್ದಾರೆ. ಬೆಂಗಳೂರಿನ ಆಫೀಸುಗಳ ಭಾಷೆಯಲ್ಲಿ ಈ ಮನಸ್ಸಿನ ಮುಂದಿನ ಹಂತಕ್ಕೆ, ಅಂದರೆ ರಾಜೀನಾಮೆಗೆ, 'ಪೇಪರ್ ಹಾಕೋದು' ಅನ್ನುತ್ತಾರೆ. ಇಲ್ಲಿ ತಡೆಯಲು ಮಾವ ಬರುವುದಿಲ್ಲ. ಎಚ್.ಆರ್. ವಿಭಾಗದವರು ಬಂದು ಕೂರಿಸಿಕೊಂಡು ಮಾತಾಡುತ್ತಾರೆ.

ಪೇಪರ್ ಹಾಕಿದ ಕೂಡಲೇ ರೆಕ್ಕೆ ಮೂಡುವುದೂ ಇಲ್ಲ. ಐಟಿ ಕಂಪನಿಗಳಲ್ಲಿ ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ ಸಾಮಾನ್ಯ. ಕೊನೆಯ ದಿನ ಐಡಿ ಕಾರ್ಡಿನ ಜೊತೆಗೆ ಕಂಪನಿಯ ಗುಂಪು ಆರೋಗ್ಯ ವಿಮೆಯೂ ಕೈಬಿಡುತ್ತದೆ. ಅದರಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಿದ್ದರೆ ಅವರ ರಕ್ಷಣೆಯೂ ಅಂದಿಗೇ ಮುಗಿಯಿತು. ಗ್ರ್ಯಾಚುಟಿಗೆ 1972ರ ಕಾಯ್ದೆ ಹಾಕಿಕೊಟ್ಟ ಲೆಕ್ಕವೆಂದರೆ ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಎಂದು ಹಿಡಿದು. ಮೂಲ ವೇತನ 52,000 ರೂಪಾಯಿ ಇದ್ದವರು ಹತ್ತು ವರ್ಷ ದುಡಿದಿದ್ದರೆ ಮೂರು ಲಕ್ಷ ಬಂದೀತು. ಮನೆ ಸಾಲದ ಕಂತು ತಿಂಗಳಿಗೆ ಐವತ್ತು ಸಾವಿರವಾದರೆ ಆ ಮೂರು ಲಕ್ಷದ ಸ್ವಾತಂತ್ರ್ಯ ಆರು ತಿಂಗಳು ಬಾಳಿಕೆ ಬರುತ್ತದೆ.

ಇದಕ್ಕಿಂತ ತಮಾಷೆಯೆಂದರೆ ವೀಸಾ. ಯುರೋಪಿನ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ಭಾರತೀಯ ಉದ್ಯೋಗಿಯಿಂದ ಕೇಳುವ ಕಾಗದಗಳಲ್ಲಿ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ರಜೆ ಮಂಜೂರಾಗಿದೆಯೆಂಬ ಕಂಪನಿಯ ಪತ್ರವೂ ಇರುತ್ತದೆ. ಈ ಮನುಷ್ಯ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾನೆ ಎಂದು ರಾಯಭಾರ ಕಚೇರಿಗೆ ನಂಬಿಕೆ ಬರಬೇಕು. ಎಸ್ಟೋನಿಯ ದೇಶ 2020ರಲ್ಲಿ ಅಲೆಮಾರಿ ನೌಕರರಿಗೆಂದೇ ಬೇರೆ ವೀಸಾ ತೆರೆಯಿತು. ಎಲ್ಲಿ ಬೇಕಾದರೂ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಒಂದು ವರ್ಷದವರೆಗೆ ಅಲ್ಲಿದ್ದುಕೊಳ್ಳಬಹುದು. ಮುಖ್ಯ ಷರತ್ತು: ತಿಂಗಳ ಆದಾಯ ಶುರುವಿನಲ್ಲೇ 3,504 ಯೂರೊ ಇರಬೇಕಿತ್ತು. ಅಂದಿನ ಲೆಕ್ಕದಲ್ಲಿ ಅದು ಸುಮಾರು ಮೂರು ಲಕ್ಷ ರೂಪಾಯಿ. ಅಷ್ಟು ಸಂಬಳ ಇರುವವನಿಗೆ ಕೆಲಸ ಬಿಡುವ ದುಃಖ ದೊಡ್ಡದು, ಇಲ್ಲದವನಿಗೆ ಎಸ್ಟೋನಿಯ ದೂರ.

ಇಷ್ಟೆಲ್ಲ ಇದ್ದರೂ ಜನ ಹೊರಡುತ್ತಾರೆ. 2015ರ ಏಪ್ರಿಲಿನಲ್ಲಿ ಚೀನಾದ ಝೆಂಗ್‌ಝೌ ನಗರದ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಮನಶ್ಶಾಸ್ತ್ರ ಕಲಿಸಿದ್ದ ಗು ಶಾವ್‌ಚಿಯಾಂಗ್ ರಾಜೀನಾಮೆ ಬರೆದರು. ಚೀನೀ ಲಿಪಿಯ ಹತ್ತೇ ಹತ್ತು ಅಕ್ಷರ: ಪ್ರಪಂಚ ಇಷ್ಟು ದೊಡ್ಡದಿದೆ, ನೋಡಿ ಬರಬೇಕು ಅನ್ನಿಸಿದೆ. ಪತ್ರದ ಚಿತ್ರ ದೇಶವೆಲ್ಲ ಹರಿದಾಡಿತು. ಆಫೀಸಿನಲ್ಲಿ ಕುಳಿತ ಕೋಟ್ಯಂತರ ಜನ ತಮ್ಮ ಹೊಟ್ಟೆಯೊಳಗಿನ ಮಾತನ್ನು ಬೇರೊಬ್ಬರ ಕೈಬರಹದಲ್ಲಿ ಓದಿದರು. ಆಮೇಲಿನ ಕತೆ ಅಷ್ಟು ಹರಿದಾಡಲಿಲ್ಲ. ಗು ಒಂದಿಷ್ಟು ಊರು ಸುತ್ತಿದರು, ಮದುವೆಯಾದರು, ಚೆಂಗ್ಡು ಹತ್ತಿರದ ಹಳೆಯ ಊರೊಂದರಲ್ಲಿ ಗಂಡನ ಜೊತೆ ಸೇರಿ ಪ್ರವಾಸಿಗರಿಗೆ ತಂಗುಮನೆ ನಡೆಸಿದರು. ಪ್ರಪಂಚ ನೋಡಲು ಹೊರಟವರು ಪ್ರಪಂಚ ನೋಡಲು ಬಂದವರಿಗೆ ಹಾಸಿಗೆ ಹಾಸುವ ಕೆಲಸ ಹಿಡಿದಿದ್ದರು. ಪಾಠ ಹೇಳುವ ಕೆಲಸ ಹೋಗಿತ್ತು, ಕೆಲಸ ಹೋಗಿರಲಿಲ್ಲ.

ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಂಡಿತು. ರಾಲ್ಫ್ ಲಾರೆನ್ ಕಂಪನಿಯಲ್ಲಿ ವಿನ್ಯಾಸಕನಾಗಿದ್ದ ಫಾಸ್ಟರ್ ಹಂಟಿಂಗ್‌ಟನ್ 2011ರಲ್ಲಿ ನ್ಯೂಯಾರ್ಕಿನ ನೌಕರಿ ಬಿಟ್ಟು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನೊಂದನ್ನು ಕೊಂಡು ಅದರಲ್ಲೇ ಮಲಗಿ ಎದ್ದು ಊರೂರು ತಿರುಗಿದ. ಹಿಂಬಾಗಿಲು ತೆರೆದ ವ್ಯಾನು, ಅದರಾಚೆ ಸಮುದ್ರ, ಈಚೆ ಹಾಸಿಗೆಯಲ್ಲಿ ಎರಡು ಪಾದ: ಇವತ್ತು ಎಲ್ಲರ ಫೋನಿನಲ್ಲಿರುವ ಈ ಬಗೆಯ ಚಿತ್ರಗಳು 'ವ್ಯಾನ್‌ಲೈಫ್' ಎಂಬ ಹೆಸರಿನಲ್ಲಿ ಹಬ್ಬಿದ್ದಕ್ಕೆ ಆತನೇ ಬಹುಮಟ್ಟಿಗೆ ಕಾರಣ. ಮೂರೇ ವರ್ಷದಲ್ಲಿ ಆತನೂ ವಾಷಿಂಗ್‌ಟನ್ ರಾಜ್ಯದ ಗುಡ್ಡವೊಂದರಲ್ಲಿ ಮರದ ಮೇಲೆ ಮನೆ ಕಟ್ಟಿಕೊಂಡು ನೆಲೆ ನಿಂತ.

ಅದೇ ರಸ್ತೆಗಳಲ್ಲಿ, ಅದೇ ಬಗೆಯ ವ್ಯಾನುಗಳಲ್ಲಿ ಬೇರೆ ಜನವೂ ತಿರುಗುತ್ತಿದ್ದರು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡ ಅರವತ್ತು ಎಪ್ಪತ್ತರ ವಯಸ್ಸಿನವರು. ಹಬ್ಬದ ಸೀಸನ್ನಿನಲ್ಲಿ ಅಮೆಜಾನ್ ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತ, ಕೊಯ್ಲಿನ ಕಾಲಕ್ಕೆ ಬೀಟ್ ಗೆಡ್ಡೆ ಹೊರುತ್ತ, ಬೇಸಿಗೆಯಲ್ಲಿ ಕ್ಯಾಂಪುಗಳ ಕಕ್ಕಸು ತೊಳೆಯುತ್ತ ಅವರು ಸಾವಿರಾರು ಮೈಲಿ ಓಡಾಡುತ್ತಿದ್ದರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಅವರ ಜೊತೆ ತಿರುಗಿ 2017ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅದೇ ಹೆಸರಿನ ಸಿನಿಮಾ 2021ರಲ್ಲಿ ಆಸ್ಕರ್ ಪಡೆಯಿತು. ದೂರದಿಂದ ನೋಡಿದರೆ ಎರಡೂ ವ್ಯಾನು ಒಂದೇ. ಒಬ್ಬ ನೌಕರಿಯನ್ನು ಬಿಟ್ಟಿದ್ದ, ಇನ್ನೊಬ್ಬರನ್ನು ನೌಕರಿಯೇ ಬಿಟ್ಟಿತ್ತು.

ನಮ್ಮ ದೇಶದಲ್ಲಿ ಅಲೆದಾಟಕ್ಕೆ ಶಾಸ್ತ್ರ ಬರೆದವರು ರಾಹುಲ ಸಾಂಕೃತ್ಯಾಯನ. 1893ರಲ್ಲಿ ಉತ್ತರ ಪ್ರದೇಶದ ಆಜಂಗಢ ಸೀಮೆಯಲ್ಲಿ ಕೇದಾರನಾಥ ಪಾಂಡೆಯಾಗಿ ಹುಟ್ಟಿ, ಹುಡುಗನಿದ್ದಾಗಲೇ ಮನೆ ಬಿಟ್ಟವರು. ಟಿಬೆಟ್ಟಿಗೆ ನಾಲ್ಕು ಸಲ ಹೋಗಿ, ಭಾರತದಲ್ಲಿ ಕಳೆದೇಹೋಗಿದ್ದ ಬೌದ್ಧ ಗ್ರಂಥಗಳ ಹಸ್ತಪ್ರತಿಗಳನ್ನು ಹುಡುಕಿದ ಮಹಾಪಂಡಿತ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರು ಬರೆದ 'ಘುಮಕ್ಕಡ್ ಶಾಸ್ತ್ರ' ತಿರುಗಾಟವನ್ನೇ ಧರ್ಮವೆಂದು ಸಾರುತ್ತದೆ. ಹೆಣ್ಣುಮಕ್ಕಳೂ ಹೀಗೆ ಹೊರಡಬೇಕೆಂದು ಅದರಲ್ಲೊಂದು ಅಧ್ಯಾಯವೇ ಇದೆ. ಅವರಿಗೆ ಬಾಲ್ಯದಲ್ಲೇ ಕಟ್ಟಿದ್ದ ಹೆಂಡತಿ ಮಾತ್ರ ಊರಿನಲ್ಲೇ ಉಳಿದರು. ಆ ಅಧ್ಯಾಯವನ್ನು ಆಕೆಗೆ ಯಾರಾದರೂ ಓದಿ ಹೇಳಿದ್ದರೆ ಏನನ್ನಿಸುತ್ತಿತ್ತೋ.

ಈ ಸಾಲಿನಲ್ಲಿ ಮೈಸೂರಿನ ಒಂದು ಸ್ಕೂಟರ್ ಬಂದು ನಿಂತಿದ್ದು 2018ರ ಜನವರಿ 16ರಂದು. ಇಪ್ಪತ್ತು ವರ್ಷದಷ್ಟು ಹಳೆಯ ಬಜಾಜ್ ಚೇತಕ್. ಒಂದಿಷ್ಟು ಓರೆ ಮಾಡಿ ಕಿಕ್ ಹೊಡೆದರೆ ಮಾತ್ರ ಮಾತು ಕೇಳುವ ಕಾಲದ ಗಾಡಿ. ಮುಂದೆ ಡಿ. ಕೃಷ್ಣಕುಮಾರ್, ಹಿಂದೆ ಎಪ್ಪತ್ತರ ಆಸುಪಾಸಿನ ತಾಯಿ ಚೂಡಾರತ್ನಮ್ಮ. ಬೆಂಗಳೂರಿನ ಕಾರ್ಪೊರೇಟ್ ಕಂಪನಿಗಳಲ್ಲಿ ಹದಿಮೂರು ವರ್ಷ ದುಡಿದಿದ್ದ ಮಗ ಮಾತಿನ ನಡುವೆ ತಾಯಿಯನ್ನು ಕೇಳಿದ್ದರಂತೆ: ತಿರುಪತಿ ನೋಡಿದ್ದೀಯಾ, ತಿರುವಣ್ಣಾಮಲೈ ನೋಡಿದ್ದೀಯಾ? ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದು ಬಂತು ಉತ್ತರ. ಮೈಸೂರಿನಿಂದ ಬೇಲೂರು ನೂರೈವತ್ತು ಕಿಲೋಮೀಟರ್ ಆಸುಪಾಸು. ಹತ್ತು ಜನರ ಒಟ್ಟು ಕುಟುಂಬಕ್ಕೆ ಬೇಯಿಸಿ ಬಡಿಸುತ್ತ ಕಾಲ ಕಳೆದ ಹೆಂಗಸಿಗೆ ಅಷ್ಟು ದೂರ ಹೋಗಿ ಬರಲು ರಜೆ ಸಿಕ್ಕಿರಲಿಲ್ಲ.

ಪತ್ರಿಕೆಗಳು ಇದನ್ನು ಮಾತೃಭಕ್ತಿಯ ಕತೆಯಾಗಿ ಬರೆದವು. ಮಗ ಆಧುನಿಕ ಶ್ರವಣಕುಮಾರನಾದ. ಅದೇನೂ ಸುಳ್ಳಲ್ಲ, ಯಾತ್ರೆಗೆ ಅವರೇ ಇಟ್ಟುಕೊಂಡ ಹೆಸರು 'ಮಾತೃ ಸೇವಾ ಸಂಕಲ್ಪ ಯಾತ್ರೆ'. ಆದರೆ ಆ ಸ್ಕೂಟರಿನ ಮೇಲೆ ಕೆಲಸ ಬಿಟ್ಟು ಹೊರಟವರು ಇಬ್ಬರು. ಮುಂದೆ ಕುಳಿತವರು ಬಿಟ್ಟಿದ್ದು ಹದಿಮೂರು ವರ್ಷದ ನೌಕರಿ. ಹಿಂದೆ ಕುಳಿತವರು ಬಿಟ್ಟಿದ್ದು ಅದಕ್ಕಿಂತ ಎಷ್ಟೋ ಹಳೆಯದು. ಅದಕ್ಕೆ ಸಂಬಳ, ಭಾನುವಾರ, ಪಿಎಫ್ ಯಾವುದೂ ಇರಲಿಲ್ಲ, ರಾಜೀನಾಮೆ ಯಾರಿಗೆ ಕೊಡಬೇಕೆಂಬುದೂ ಗೊತ್ತಿರಲಿಲ್ಲ. ಗಂಡ 2015ರಲ್ಲಿ ತೀರಿಕೊಂಡ ಮೇಲೆ ಆ ಮನೆಯೂ ಖಾಲಿಯೆನಿಸಿತ್ತು. ಎಪ್ಪತ್ತರ ಹೊಸ್ತಿಲಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿ ಚೇತಕ್ಕಿನ ಹಿಂದಿನ ಸೀಟು ಹತ್ತುವುದಕ್ಕೆ ಬೇಕಾದ ಎದೆಗಾರಿಕೆಯನ್ನು ಯಾರೂ ಸುದ್ದಿಯ ತಲೆಬರಹ ಮಾಡಲಿಲ್ಲ.

ಅವರ ಯಾತ್ರೆಯ ಲೆಕ್ಕ ನೋಡಬೇಕು. 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳಿದಾಗ ಓಡಿದ ದೂರ 56,522 ಕಿ.ಮೀ. ಭಾರತದ ಉದ್ದಗಲ ಮುಗಿಸಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗೂ ಹೋಗಿಬಂದಿದ್ದರು. ಲಾಕ್‌ಡೌನ್ ಆದಾಗ ಭೂತಾನದ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕೇಳಲು ಭಾರಿ ಅಂಕಿ. ಎರಡು ವರ್ಷ ಎಂಟು ತಿಂಗಳಿಗೆ ಹಂಚಿದರೆ ದಿನಕ್ಕೆ ಅರವತ್ತು ಕಿಲೋಮೀಟರಿಗೂ ಕಡಿಮೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ದಿನಾ ಆಫೀಸಿಗೆ ಹೋಗಿಬರುವ ಬೆಂಗಳೂರಿಗ ಇದಕ್ಕಿಂತ ಹೆಚ್ಚು ದೂರ ಸವೆಸುತ್ತಾನೆ. ಆತನಿಗೆ ಮಾತ್ರ ಯಾರೂ ಯಾತ್ರಿಕ ಅನ್ನುವುದಿಲ್ಲ.

ಖರ್ಚಿನ ಕಡೆಯೂ ಅಷ್ಟೇ. ಹದಿಮೂರು ವರ್ಷದ ದುಡಿಮೆಯಲ್ಲಿ ಉಳಿದ ಹಣವೇ ಆಧಾರ. ತಂಗಿದ್ದು ಹೆಚ್ಚಾಗಿ ಮಠ, ದೇವಸ್ಥಾನ, ಛತ್ರಗಳಲ್ಲಿ. ಗಾಡಿ ಅಪ್ಪ ಕೊಡಿಸಿದ್ದು. ಅದರ ಮೇಲೆ ಹೋಗುವಾಗ ಅಪ್ಪನೂ ಜೊತೆಗಿದ್ದಂತೆ ಎಂಬ ಭಾವನೆ ಮಗನದು. 2019ರಲ್ಲಿ ಇವರ ವಿಡಿಯೊ ನೋಡಿದ ಉದ್ಯಮಿ ಆನಂದ್ ಮಹೀಂದ್ರ ಕಾರು ಕೊಡುವುದಾಗಿ ಹೇಳಿದರು, ಮುಂದಿನ ವರ್ಷ ಕೊಟ್ಟರು. ಕಾರಿಲ್ಲದೆಯೇ ಯಾತ್ರೆ ಅಷ್ಟರಲ್ಲಿ ಮುಗಿದಿತ್ತು. ಮದುವೆಯಾಗದ ಮಗ, ಮನೆ ಸಾಲದ ಕಂತಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ, ಬೇಕಾದದ್ದು ಚೇತಕ್ಕಿನ ಮೇಲೆ ಹಿಡಿಸುವಷ್ಟೇ. ಇಷ್ಟೂ ಕೂಡಿಬಂದಿದ್ದರಿಂದ ಹೊರಡಲು ಆಯಿತು. ಇದನ್ನು ಬಿಟ್ಟು ಬರೀ ಧೈರ್ಯವನ್ನು ಹೊಗಳಿದರೆ ಕತೆಯ ಅರ್ಧ ಮಾತ್ರ ಹೇಳಿದಂತೆ.

ಕೆಲಸ ಬಿಡದೆಯೇ ಹೊರಟವರೂ ಇದ್ದಾರೆ. ಕೊಚ್ಚಿಯ ಶ್ರೀ ಬಾಲಾಜಿ ಕಾಫಿ ಹೌಸಿನ ಕೆ.ಆರ್. ವಿಜಯನ್ ಮತ್ತು ಅವರ ಹೆಂಡತಿ ಮೋಹನಾ ಚಹಾ, ತಿಂಡಿ ಮಾರಿ ದಿನಕ್ಕೆ 300 ರೂಪಾಯಿ ಎತ್ತಿಡುತ್ತಿದ್ದರು. ಉಳಿಸಲೆಂದು ಆಳಿಡದೆ ಇಬ್ಬರೇ ದುಡಿಯುತ್ತಿದ್ದರು. ಸಾಲದ್ದಕ್ಕೆ ಸಾಲ. ಅಂಗಡಿಗೆ ಬೀಗ ಹಾಕಿ ಹೋಗುವುದು, ಬಂದು ಬಾಗಿಲು ತೆಗೆದು ಸಾಲ ತೀರಿಸುವುದು, ತೀರಿದ ಮೇಲೆ ಮತ್ತೆ ಭೂಪಟ ಬಿಚ್ಚುವುದು. 2007ರಲ್ಲಿ ಇಸ್ರೇಲಿನಿಂದ ಶುರುವಾದ ವಿದೇಶ ಯಾತ್ರೆ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಬೆಳೆಯಿತು. 2021ರ ಅಕ್ಟೋಬರಿನಲ್ಲಿ ರಷ್ಯಾ ನೋಡಿ ಬಂದು, ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು. ಇಲ್ಲೂ ಗಮನಿಸಬೇಕಾದ್ದು, ಒಬ್ಬರು ಹೋಗಿ ಇನ್ನೊಬ್ಬರು ಒಲೆ ಕಾಯಲಿಲ್ಲ. ಒಲೆ ಆರಿಸಿ ಇಬ್ಬರೂ ಹೋದರು.

ಇವರೆಲ್ಲರನ್ನೂ ಎದುರಿಗಿಟ್ಟುಕೊಂಡರೆ ಒಂದು ತೀರ್ಮಾನ ಹೇಳಬಹುದು. ಕೆಲಸ ಬಿಟ್ಟಿದ್ದರಿಂದಲೇ ಸುಖ ಬಂತೆಂದು ಇವರಲ್ಲಿ ಯಾರ ಕತೆಯೂ ಹೇಳುವುದಿಲ್ಲ. ಗು ತಂಗುಮನೆ ನಡೆಸಿದರು, ಹಂಟಿಂಗ್‌ಟನ್ ಮರದ ಮೇಲೆ ಮನೆ ಕಟ್ಟಿದ, ವಿಜಯನ್ ಕೊನೆಯವರೆಗೂ ಚಹಾ ಮಾರಿದರು. ಹೆಚ್ಚು ನೆಮ್ಮದಿಯಾಗಿ ತಿರುಗಿದವರು ಒಂದು ಗೊತ್ತಾದ ಉದ್ದೇಶ ಇಟ್ಟುಕೊಂಡಿದ್ದರು, ಅಗತ್ಯಗಳನ್ನು ಮೊದಲೇ ಕಡಿಮೆ ಮಾಡಿಕೊಂಡಿದ್ದರು, ಮನೆಯಲ್ಲಿ ಯಾರನ್ನೂ ಕಾವಲಿಗೆ ಬಿಟ್ಟುಹೋಗಲಿಲ್ಲ. ಒಬ್ಬರ ಸ್ವಾತಂತ್ರ್ಯದ ಖರ್ಚು ಇನ್ನೊಬ್ಬರ ದುಡಿಮೆಯಿಂದ ಹೋಗುತ್ತಿದ್ದರೆ ಅದನ್ನು ಆ ಇನ್ನೊಬ್ಬರ ಲೆಕ್ಕದಲ್ಲೂ ಬರೆಯಬೇಕಾಗುತ್ತದೆ.

ಆದ್ದರಿಂದ ಪೇಪರ್ ಹಾಕುವ ಮನಸ್ಸಿರುವವರು ಈ ವಾರ ಮೂರು ಕೆಲಸ ಮುಗಿಸಿಕೊಳ್ಳಲಿ. ನೌಕರಿಯಲ್ಲಿರುವಾಗಲೇ ತಮ್ಮ ಹೆಸರಿನಲ್ಲಿ, ಸಾಧ್ಯವಾದರೆ ಅಪ್ಪ ಅಮ್ಮನ ಹೆಸರಿನಲ್ಲಿ ಪ್ರತ್ಯೇಕ ಆರೋಗ್ಯ ವಿಮೆ ಮಾಡಿಸಲಿ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ವರ್ಷಗಟ್ಟಲೆ ಇರುತ್ತದೆ. ಸಂಬಳವಿಲ್ಲದೆ ಒಂದು ವರ್ಷದ ಮನೆಖರ್ಚು ಎಷ್ಟಾಗುತ್ತದೆಂದು ಕಂತು, ಬಾಡಿಗೆ ಸಮೇತ ಒಂದು ಹಾಳೆಯಲ್ಲಿ ಬರೆಯಲಿ. ಮೂರನೆಯದಕ್ಕೆ ದುಡ್ಡು ಬೇಕಿಲ್ಲ: ಮನೆಯಲ್ಲಿ ಈವರೆಗೆ ಎಲ್ಲೂ ಹೋಗದಿರುವವರು ಯಾರು, ಅವರಿಗೆ ಯಾವ ಊರು ನೋಡಬೇಕೆಂದಿದೆ ಎಂದು ಕೇಳಿ, ಅದಕ್ಕೆ ಟಿಕೆಟ್ ತೆಗೆಸಲಿ. ಆ ಪ್ರವಾಸಕ್ಕೆ ರಾಜೀನಾಮೆ ಬೇಕಾಗುವುದಿಲ್ಲ, ಎರಡು ದಿನದ ಕ್ಯಾಶುಯಲ್ ಲೀವ್ ಸಾಕು.